ಉಜ್ಜಿ ಹಚ್ಚಿದ ಬಣ್ಣ

ಡಾಜ್ ಗಾಡಿಯನ್ನು ತೊಳೆಯಬಾರದು ಎಂದು ಅಮ್ಮನಿಗೆ ಮೂರು ಸಲ ಹೇಳಿದ್ದೆ. ಮೂರನೆಯ ಸಲ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ತೊಳಿಬ್ಯಾಡ ಅಂದಂವ ಯಾರು? ತಗೊಳ್ಳಾಂವನಾ?"

"ಹೂಂ. ಧೂಳ ಸೈತ ಒರಸಬ್ಯಾಡ್ರಿ ಅಂದಾರ."

"ಹಂಗಾರ ಅಂವ ಭಾಳ ಶಾಣ್ಯಾ ಅದಾನ," ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಆ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ಬಿಡಬಾರದಿತ್ತು.

ಗಾಡಿ ನಮ್ಮ ಅಜ್ಜನ ಕಾಲದ್ದು. ೧೯೫೬ರ ಅಮೆರಿಕನ್ ಡಾಜ್ ಕಾರು. ಗದಗಿನ ಒಂದು ಹತ್ತಿ ಗಿರಣಿಯ ಸಾಹುಕಾರರಿಗೆ ಅಜ್ಜ ಡ್ರೈವರ್ ಆಗಿದ್ದ. ಗಿರಣಿ ಮುಚ್ಚಿದ ವರ್ಷ ಸಾಹುಕಾರರ ಈ ಗಾಡಿ ಅವನಿಗೆ ಅಗ್ಗಕ್ಕೆ ಸಿಕ್ಕಿತು. ಅಜ್ಜನೂ, ಅವನ ನಂತರ ನನ್ನ ಅಬ್ಬಾ ಮರ್ದಾನಸಾಬನೂ ಅದನ್ನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಡುವೆ ಬಾಡಿಗೆಗೆ ಓಡಿಸಿದರು. ಟೆಂಪೊಗಳು ಬಂದ ಮೇಲೆ ಮದುಮಕ್ಕಳನ್ನು ಕೂಡಿಸಲು ಮಾತ್ರ ಹೊರಗೆ ತೆಗೆಯುತ್ತಿದ್ದರು. ಇಂಥ ಗಾಡಿ ಇದ್ದ ಉಳಿದವರೆಲ್ಲ ಡೀಸೆಲ್ ಎಂಜಿನ್ ಕೂಡಿಸಿದರು, ಬಣ್ಣ ಬದಲಿಸಿದರು, ಸೀಟು ಹೊಲಿಸಿದರು. ಅಬ್ಬಾ ಏನೂ ಮಾಡಲಿಲ್ಲ. ಪ್ರೀತಿಯಿಂದಲ್ಲ, ಅವನ ಹತ್ತಿರ ದುಡ್ಡಿರಲಿಲ್ಲ. ಹೀಗಾಗಿ ಅಮೆರಿಕದ ಕೆನೆಬಣ್ಣ ಹಾಗೇ ಉಳಿದಿತ್ತು. ಬಾನೆಟ್ಟಿನ ಮೇಲೆ ಬಿಸಿಲಿಗೆ ಸುಣ್ಣದಂತಾಗಿತ್ತು. ಬಾಗಿಲ ಹಿಡಿಕೆಗಳ ಸುತ್ತ ಕೈ ತಾಗಿ ತಾಗಿ ತಗಡು ಕಾಣುತ್ತಿತ್ತು.

ಅಬ್ಬಾ ತೀರಿಕೊಂಡು ಎರಡು ವರ್ಷವಾಗಿತ್ತು. ಪ್ರತಿ ಭಾನುವಾರ ಗದಗಿನಿಂದ ಲಕ್ಷ್ಮೇಶ್ವರದ ಮನೆಗೆ ಬಂದು ಗಾಡಿ ಚಾಲೂ ಮಾಡುವವಳು ನಾನೇ. ವಾರದ ಉಳಿದ ದಿನ ಬೆಟಗೇರಿಯ ದೊಡ್ಡಮ್ಮನ ಮನೆಯಲ್ಲಿದ್ದು, ಗದಗಿನ ಒಂದು ಔಷಧಿ ಅಂಗಡಿಯಲ್ಲಿ ಕೌಂಟರ್ ಹಿಂದೆ ನಿಲ್ಲುತ್ತಿದ್ದೆ. ಫಾರ್ಮಸಿ ಓದಿದವಳು ನಾನು, ಗೋಡೆಗೆ ತೂಗುಬಿಟ್ಟ ಸರ್ಟಿಫಿಕೇಟೂ ನನ್ನದೇ. ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ಬೇರೆ. ನಾಲ್ಕು ವರ್ಷ ಹಾಗೆ ನಿಂತ ಮೇಲೆ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ಹತ್ತಿರ, ದವಾಖಾನೆಯ ಪಕ್ಕದಲ್ಲೇ, ಒಂದು ಮಳಿಗೆ ಖಾಲಿಯಾಯಿತು. ಮಾಲೀಕರಾದ ಅಂದಪ್ಪನವರು, "ಸೋಮವಾರದ ತನಕ ನಿನಗಂತ ಹಿಡಿದಿರ್ತೀನವಾ ಮೆಹನಾಜ. ಆಮ್ಯಾಲೆ ನನ್ನ ಬೈಬ್ಯಾಡ. ಮೊಬೈಲ್ ಅಂಗಡ್ಯಾಂವ ದಿನಾ ಬಂದು ಕುಂಡ್ರಾಕತ್ತಾನ," ಎಂದಿದ್ದರು.

ಡಿಪಾಜಿಟ್, ಕಪಾಟು, ಫ್ರಿಜ್, ಮೊದಲ ಔಷಧಿ ಮಾಲು, ಎಲ್ಲವೂ ಈ ಗಾಡಿಯಿಂದಲೇ ಏಳಬೇಕಿತ್ತು. ಫೋಟೊ ತೆಗೆದು ಇಂಟರ್ನೆಟ್ಟಿನಲ್ಲಿ ಹಾಕಿದೆ: ಮೂಲ ಬಣ್ಣ, ಮೂಲ ಎಂಜಿನ್, ಚಾಲೂ ಸ್ಥಿತಿ. ಬೆಳಗಾವಿಯಿಂದ, ಹಳೆಯ ಕಾರು ಸಂಗ್ರಹಿಸುವ ಅರ್ಜುನ ಜಾಧವ ಎಂಬವರು ಫೋನ್ ಮಾಡಿದರು. ವಿಡಿಯೊ ತರಿಸಿಕೊಂಡು, ಬಾಗಿಲಿನ ಕೆಳಗಿನ ತುಕ್ಕನ್ನೂ ಹತ್ತಿರದಿಂದ ನೋಡಿ, ಒಂಬತ್ತು ಲಕ್ಷ ಎಂದರು. ನಾನು ಕೇಳಬೇಕೆಂದುಕೊಂಡಿದ್ದು ಐದು.

ಆ ಭಾನುವಾರ ಜಾಧವರು ನನ್ನನ್ನು ಗದಗಿನಲ್ಲೇ ತಮ್ಮ ಜೀಪಿಗೆ ಹತ್ತಿಸಿಕೊಂಡರು. ಶಿರಹಟ್ಟಿ ದಾಟುವ ತನಕ ಅವರು ಮಾತಾಡಿದ್ದೆಲ್ಲ ಗಾಡಿಯದೇ.

"ಮಿಂಚೂವು ನಾ ನೂರು ನೋಡೇನಿ. ದುಡ್ಡು ಕೊಟ್ರ ಯಾವುದನ್ನರ ಮಿಂಚಸಬಹುದು. ಯಾರೂ ಕೈ ಹಚ್ಚಲಾರದ್ದು ಸಿಗಂಗಿಲ್ಲ. ನಿಮ್ಮಪ್ಪಾರು ಭಾಳ ದೊಡ್ಡ ಮನುಷಾರು."

"ದುಡ್ಡಿರಲಿಲ್ರಿ ಅವರ ಹತ್ರ," ಎಂದೆ.

ಅವರು ನಕ್ಕರು. "ಅದಕ್ಕ ಉಳದೈತಿ ನೋಡ್ರಿ."

ಮಾಗಡಿ ಕೆರೆಯ ಹತ್ತಿರ ಜೀಪು ನಿಧಾನವಾಯಿತು. ಚಳಿಗಾಲದ ಹಕ್ಕಿಗಳು ಬಂದಿದ್ದವು. ಮರಳುವಾಗ ಇಲ್ಲಿ ನಿಂತು ಫೋಟೊ ತೆಗೆಯುತ್ತೇನೆ ಎಂದರು.

ಮನೆ ಮುಂದೆ ಜೀಪು ನಿಂತಾಗ ಅಮ್ಮ ಹಬ್ಬದ ಸೀರೆ ಉಟ್ಟು ನಿಂತಿದ್ದಳು. ಅವಳ ಪಕ್ಕದಲ್ಲಿ ಖಾಜಾಸಾಬ ಮಾಮು, ಅಮ್ಮನ ತಮ್ಮ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಉಗುರುಗಳ ಸಂದಿಯಲ್ಲಿ ನೀಲಿ ಬಣ್ಣ. ಮಾಮುವಿನ ಉದ್ಯೋಗ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬಣ್ಣ ಹಚ್ಚುವುದು. ಹರ್ತಿಯ ರೈತರಿರಲಿ ಹೊಂಬಳದವರಿರಲಿ, ಹೊಸ ಟ್ರೇಲರ್ ಕೊಂಡರೆ ಖಾಜಾಸಾಬನ ಕೈಯಿಂದಲೇ ಆಗಬೇಕು ಎಂದು ಪಾಳಿ ಹಚ್ಚಿ ಕಾಯುತ್ತಾರೆ. ಆ ಉಗುರು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಅವನ ಉಗುರು ಯಾವಾಗಲೂ ಹಾಗೇ ಇರುತ್ತಿತ್ತು.

"ಬರ್ರಿ, ಬರ್ರಿ," ಎಂದು ಅಮ್ಮ ಗಾಡಿ ನಿಲ್ಲಿಸುವ ಕೊಟ್ಟಿಗೆಯ ತಗಡಿನ ಬಾಗಿಲು ತೆಗೆದಳು.

ಒಳಗೆ ನೀಲಿ ಗಾಡಿ ಇತ್ತು.

ಒಂದು ಗಳಿಗೆ ಇದು ಬೇರೆ ಯಾರದೋ ಗಾಡಿ ಎಂದುಕೊಂಡೆ. ನಮ್ಮ ಗಾಡಿಯನ್ನು ಎಲ್ಲಿ ನಿಲ್ಲಿಸಿದ್ದಾರೆ ಎಂದು ಹಿಂದಿನ ಗೋಡೆಯ ಕಡೆ ನೋಡಿದೆ. ಅಲ್ಲಿ ಮೇವಿನ ಚೀಲ ಬಿಟ್ಟು ಏನೂ ಇರಲಿಲ್ಲ. ಬಾನೆಟ್ಟಿನಲ್ಲಿ ತಗಡಿನ ಛಾವಣಿಯ ತೂತುಗಳೆಲ್ಲ ಕಾಣುವಷ್ಟು ಮಿಂಚು. ಚಕ್ರದ ಮೇಲ್ಭಾಗಕ್ಕೆ ಹಳದಿ ಗೆರೆ. ಡಿಕ್ಕಿಯ ಮೇಲೆ ಮಾಗಡಿ ಕೆರೆಯ ಎರಡು ಹಕ್ಕಿಗಳು, ಕೊಕ್ಕಿಗೆ ಕೊಕ್ಕು ಹಚ್ಚಿಕೊಂಡು. ಮಾಮು ತನಗೆ ಬೇಕಾದವರ ಟ್ರೇಲರಿಗೆ ಮಾತ್ರ ಆ ಹಕ್ಕಿ ಬರೆಯುತ್ತಾನೆ.

ಜಾಧವರು ಬಾಗಿಲಲ್ಲೇ ನಿಂತಿದ್ದರು. ಅವರ ಕೈಯಲ್ಲಿದ್ದ ಜೀಪಿನ ಕೀಲಿಗೊಂಚಲು ಅಲುಗುತ್ತಿತ್ತು, ಆಮೇಲೆ ಅದೂ ನಿಂತಿತು.

"ಯಾರು ಮಾಡಿದ್ರು?" ಎಂದರು.

"ನಾನರಿ," ಎಂದ ಮಾಮು. "ಬುಧವಾರ ಸುರು ಮಾಡಿದ್ನಿ, ನಿನ್ನಿ ಸಂಜಿಗೆ ಮುಗೀತು. ನಮ್ಮ ಭಾವನ ಗಾಡಿ ಅಂತ ಒಂದು ಪೈಸಾ ತಗೊಂಡಿಲ್ಲ. ಮುಟ್ಟಬ್ಯಾಡ್ರಿ, ಇನ್ನೂ ಸ್ವಲ್ಪ ಹಸಿ ಐತಿ."

ಹಸಿ ಎಂಬ ಮಾತು ಕೇಳಿ ಜಾಧವರ ಮುಖಕ್ಕೆ ಜೀವ ಬಂತು. ಎರಡೇ ಹೆಜ್ಜೆಗೆ ಒಳಗೆ ಬಂದರು. "ಹಳೇ ಬಣ್ಣದ ಮ್ಯಾಲೆ ಸೀದಾ ಹಚ್ಚೀರೇನು?"

ಮಾಮುವಿಗೆ ಸಿಟ್ಟು ಬಂತು. "ಸೀದಾ ಹಚ್ಚಾಕ ನಾ ಏನು ನಿನ್ನೆ ಮೊನ್ನೆ ಕುಂಚ ಹಿಡದಂವೇನ್ರಿ? ಪಾಲಿಷ್ ಪೇಪರ್ ತಗೊಂಡು ಎರಡು ದಿನ ಉಜ್ಜೇನಿ. ಮೂಲಿ ಮೂಲಿ ಬಿಟ್ಟಿಲ್ಲ, ತಗಡ ಕಾಣೂತನಕ. ಆಮ್ಯಾಲೆ ಪ್ರೈಮರ್. ಆಮ್ಯಾಲೆ ಎರಡು ಕೋಟ್."

"ತಗಡ ಕಾಣೂತನಕ," ಎಂದರು ಜಾಧವರು.

"ಕಾಣೂತನಕರಿ. ಇನ್ನ ಹತ್ತು ವರ್ಷ ಬಿಡಂಗಿಲ್ಲ."

ಜಾಧವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ನಾನು ಅಮ್ಮನ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದೊಯ್ದೆ. ಯಾಕೆ ಎಂದಷ್ಟೇ ಕೇಳಿದೆ.

"ಯಾಕಂದ್ರ?" ಅಮ್ಮನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ನಮ್ಮಪ್ಪ ಮುಂಡರಗಿ ಸಂತ್ಯಾಗ ನಲವತ್ತು ವರ್ಷ ಎತ್ತಿನ ದಲಾಲಿ ಮಾಡಿದಾಂವ. ಎತ್ತಿನ ಮೈ ತೊಳಿಬ್ಯಾಡ್ರಿ, ಕೊಂಬಿಗೆ ಬಣ್ಣ ಹಚ್ಚಬ್ಯಾಡ್ರಿ, ಹಂಗ ಹೊಡಕೊಂಡು ಬರ್ರಿ ಅನ್ನಾಂವ ಯಾರಂತ ತಿಳದಿ? ಸಂತ್ಯಾಗ ಮಂದಿ ಮುಂದ ಅದರ ಹೊಲಸ ಮೈ ತೋರಿಸಿ, ಇದಕ್ಕೇನು ಕೊಡಾದು ಅಂತ ಕಿಮ್ಮತ್ತು ಮುರಿಯಾಂವ. ನಿನಗ ಓದು ಐತಿ, ಇದು ಗೊತ್ತಿಲ್ಲ. ಅದಕ್ಕ ನಿನಗ ಹೇಳಲಿಲ್ಲ."

"ಅಮ್ಮಾ, ಆ ಹಳೇ ಬಣ್ಣಕ್ಕ ಒಂಬತ್ತು ಲಕ್ಷ ಅಂದಿದ್ರು ಅವರು."

"ಆ ಹೊಲಸಿಗೆ ಒಂಬತ್ತಾದ್ರ ಇದಕ್ಕ ಹನ್ನೆರಡು ಆಗಬೇಕಲ್ಲ?"

ಲೆಕ್ಕ ಸರಿಯಾಗಿಯೇ ಇತ್ತು. ಆ ಹೊತ್ತಿಗೆ ನನಗೇ ಜಾಧವರಿಗಿಂತ ಅಮ್ಮ ಬುದ್ಧಿವಂತಳಂತೆ ಕಂಡಳು.

ಹೊರಗೆ ಬಂದಾಗ ಜಾಧವರು ಬಾನೆಟ್ ಎತ್ತಿಸಿ ನೋಡುತ್ತಿದ್ದರು. ಚಾಲೂ ಮಾಡಿ ಎಂದರು. ನಾನು ಬ್ಯಾಟರಿ ಜೋಡಿಸಿ ಕೂತೆ. ಬಣ್ಣದ ವಾಸನೆಗೆ ತಲೆ ತಿರುಗಿತು. ಗಾಡಿ ಎಂದಿನಂತೆ ಎರಡನೆಯ ಹೊಡೆತಕ್ಕೆ ಎದ್ದಿತು. ಒಂದು ನಿಮಿಷ ಕೇಳಿಸಿಕೊಂಡು ಅವರು ಸಾಕೆಂದು ಕೈ ಅಡ್ಡ ಮಾಡಿದರು.

"ಎಂಜಿನ್, ಗ್ಲಾಸು, ಒಳಗಿನ ಮೀಟರ್ ಚೊಲೊ ಅದಾವು. ಇನ್ನೊಂದು ಗಾಡಿಗೆ ಹಾಕ್ತೀನಿ. ಎರಡು ಲಕ್ಷ. ನಿಮಗ ಬ್ಯಾಸರ ಮಾಡಾಕ ಹೇಳಾಕತ್ತಿಲ್ಲ ತಂಗಿ. ಆ ಗಾಡಿ ಈಗ ಇಲ್ಲ."

ಅಮ್ಮ ಜೋರಾಗಿ ನಕ್ಕಳು. "ಹೋಗಿ ಬರ್ರಿ ಸಾಹೇಬ್ರ."

ಜೀಪು ತಿರುವು ದಾಟಿತು. ಅಮ್ಮ ನನ್ನ ಕಡೆ ತಿರುಗಿದಳು. "ಮಾಗಡಿ ತನಕ ಹೋಗ್ತಾನ. ಅಲ್ಲಿಂದ ತಿರಗತಾನ. ತಿರಗಲಿಲ್ಲಂದ್ರ ನಾ ದಲಾಲಿ ಮಗಳಲ್ಲ." ಚಹಕ್ಕಿಡಲು ಒಳಗೆ ಹೋದಳು.

ಮಾಮು ಗಾಡಿಯ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಅಷ್ಟರಲ್ಲಿ ಏನೋ ತಿಳಿದಿತ್ತು.

"ಉಜ್ಜದ ಹಚ್ಚಿದ್ರ ತೆಗಿಯಾಕ ಬರ್ತಿತ್ತೇನು?" ಎಂದು ಮೆಲ್ಲಗೆ ಕೇಳಿದ.

"ಬರ್ತಿತ್ತು ಮಾಮು. ಇನ್ನೂ ಹಸಿ ಇತ್ತಲ್ಲ. ಟರ್ಪೆಂಟೈನ್ ಹಚ್ಚಿ ಒರಸಿದ್ರ ಕೆಳಗಿಂದು ಉಳೀತಿತ್ತು."

ಅವನು ಬಾಗಿಲ ಹಿಡಿಕೆಯ ಸುತ್ತ ನೋಡಿದ. ಅಬ್ಬಾನ ಕೈ ಸವೆಸಿದ ಜಾಗ ಈಗ ಬೇರೆ ಜಾಗದಷ್ಟೇ ನುಣುಪಾಗಿತ್ತು.

"ಕೆಲಸಗಳ್ಳ ಹಚ್ಚಿದ್ರ ಉಳೀತಿತ್ತು ಅನ್ನು," ಎಂದ. ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲಕ್ಕೆ ಕುಳಿತುಬಿಟ್ಟ.

ನಾನು ಹಿತ್ತಲಿಗೆ ಹೋದೆ. ಯೋಚಿಸಲು ಹೆಚ್ಚೇನೂ ಇರಲಿಲ್ಲ. ಬಣ್ಣ ಮರಳಿ ಬರುವುದಿಲ್ಲ. ಎಂಜಿನ್ ಈ ಭಾನುವಾರ ಎದ್ದಿತು, ಮುಂದಿನ ಭಾನುವಾರ ಏಳದಿದ್ದರೆ ಅದು ಬರೀ ಗುಜರಿ. ಜಾಧವರಿಗೆ ಫೋನ್ ಹಚ್ಚಿದೆ. ಅವರು ಕೆರೆಯ ದಂಡೆಯಲ್ಲಿದ್ದರು, ಹಕ್ಕಿಗಳ ಗದ್ದಲ ಕೇಳಿಸುತ್ತಿತ್ತು.

"ಎರಡಕ್ಕ ಆತ್ರಿ. ತಿರುಗಿ ಬರ್ರಿ," ಎಂದೆ.

ಅರ್ಧ ತಾಸಿಗೆ ಜೀಪಿನ ಸಪ್ಪಳವಾಯಿತು. ಅಮ್ಮ ಚಹದ ಬಟ್ಟಲು ಕೆಳಗಿಟ್ಟು ಎದ್ದಳು. ಅಬ್ಬಾ ತೀರಿದ ಮೇಲೆ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

"ಏನಂದಿದ್ನಿ? ಖಾಜಾ, ನೋಡಿಲ್ಲಿ, ಬಂದಾ." ನನ್ನ ಕಿವಿಗೆ ಬಾಗಿದಳು. "ನೀ ಬಾಯಿ ತೆಗಿಬ್ಯಾಡ. ಹನ್ನೆರಡರಿಂದ ಸುರು ಮಾಡ್ತೀನಿ."

ಮಾಮು ನನ್ನ ಕಡೆ ನೋಡಿದ. ನನ್ನ ಕೈಯಲ್ಲಿದ್ದ ಫೋನನ್ನೂ ನೋಡಿದ. ತಲೆ ತಗ್ಗಿಸಿದ.

"ಹನ್ನೆರಡರಿ ಸಾಹೇಬ್ರ," ಎಂದಳು ಅಮ್ಮ, ಜಾಧವರು ಇನ್ನೂ ಜೀಪಿನಿಂದ ಇಳಿಯುವ ಮೊದಲೇ.

ಜಾಧವರು ಏನೂ ತಿಳಿಯದೆ ನನ್ನತ್ತ ನೋಡಿದರು. ನಾನು ಅಮ್ಮನನ್ನು ದಾಟಿ ಮುಂದೆ ಹೋಗಿ, "ಎರಡರಿ. ಮಾತು ಮುಗದೈತಿ," ಎಂದು ಕೀಲಿ ಕೊಟ್ಟೆ.

ಜಾಧವರು ಬ್ಯಾಂಕಿನ ವಿವರ ಬರೆದುಕೊಂಡು, ಬುಧವಾರ ಲಾರಿ ಕಳಿಸುವುದಾಗಿ ಹೇಳಿ ಹೋಗುವ ತನಕ ಅಮ್ಮ ತಡೆದುಕೊಂಡಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಕೈಗೆ ಬಂದ ಗಿರಾಕೀನ ಹಿಂಗ ಬಿಟ್ಟಿ. ನಿನಗ ಯಾಪಾರ ಬರಂಗಿಲ್ಲ ಮೆಹನಾಜ. ಅಂಗಡಿ ಹೆಂಗ ನಡಸ್ತಿ?"

ಎರಡು ಲಕ್ಷ ಡಿಪಾಜಿಟ್ಟಿಗೇ ಮುಗಿಯುತ್ತಿತ್ತು. ಕಟ್ಟೆಯ ಮೇಲೆ ಕುಳಿತು, ಮಳಿಗೆಯನ್ನು ಮೊಬೈಲ್ ಅಂಗಡಿಯವನಿಗೆ ಕೊಡಿ ಎಂದು ಹೇಳಲು ಅಂದಪ್ಪನವರಿಗೆ ಫೋನ್ ಹಚ್ಚಿದೆ.