ಮೂರು ಸಲ ಒತ್ತಿದ ಬಟನ್

ಹೊಸ ಆಂಬುಲೆನ್ಸಿಗೆ ಪೂಜೆ ಮಾಡುವುದಕ್ಕೆ ಉಮೇಶನ ಅಡ್ಡಿಯೇನೂ ಇರಲಿಲ್ಲ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಡಿ, ಬೂದುಗುಂಬಳ ಒಡೆಯಿರಿ, ಯಾರು ಬೇಡ ಅಂದರು? ಹದಿಮೂರು ವರ್ಷ ಬೆಂಗಳೂರಿನಲ್ಲಿ ಆಂಬುಲೆನ್ಸ್ ಓಡಿಸಿದವನಿಗೆ ದೇವರ ಸಹಾಯ ಎಷ್ಟು ಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಅವನ ತಲೆ ಕೆಟ್ಟಿದ್ದು ಆ ಬಟನ್ನಿನಿಂದ.

ಬಟನ್ ಅಂದರೆ ಸ್ಟೇರಿಂಗ್ ಪಕ್ಕ ಕೂರಿಸಿದ ಮೊಬೈಲಿನಲ್ಲಿ ಕಾಣುವ ಒಂದು ಹಸಿರು ಚೌಕ. ರೋಗಿ ಗಾಡಿ ಹತ್ತಿದ ಮೇಲೆ ಆಸ್ಪತ್ರೆಯ ಹೆಸರು ಆರಿಸಿ ಅದನ್ನು ಒತ್ತಬೇಕು. ಗಾಡಿ ಎಲ್ಲಿ ಬರುತ್ತಿದೆ ಎಂದು ಕಂಟ್ರೋಲ್ ರೂಮಿಗೆ ಕಾಣುತ್ತದೆ. ಸಿಗ್ನಲ್ ಹತ್ತಿರವಾದಂತೆ ಗಾಡಿಯ ಕಡೆಗೆ ಹಸಿರು ಬಿದ್ದು, ಮಿಕ್ಕ ಕಡೆಯೆಲ್ಲ ಕೆಂಪಾಗುತ್ತದೆ. ರೋಗಿಯಿಲ್ಲದೆ ಸುಮ್ಮನೆ ಒತ್ತಿ, ಗಾಡಿ ಆಸ್ಪತ್ರೆಯ ಕಡೆ ಹೋಗದಿದ್ದರೆ ಎರಡು ಸಲ ಎಚ್ಚರಿಕೆ ಬರುತ್ತದೆ. ಮೂರನೆಯ ಸಲಕ್ಕೆ ಆ ಗಾಡಿಗೆ ರಾತ್ರಿ ಹನ್ನೆರಡರವರೆಗೆ ಹಸಿರು ಬಂದ್. ಆಮೇಲೆ ಒಳಗೆ ಯಾರ ಜೀವ ಹೋಗುತ್ತಿದ್ದರೂ ಎಲ್ಲರ ಹಾಗೆ ಕೆಂಪಿನಲ್ಲಿ ನಿಲ್ಲಬೇಕು.

ಇದನ್ನೆಲ್ಲ ಉಮೇಶ ಬೆಳಿಗ್ಗೆಯೇ ಸುಬ್ರಮಣಿಯವರಿಗೆ ಬಿಡಿಸಿ ಹೇಳಿದ್ದ. ಅಮೃತಹಳ್ಳಿಯ ಹಳೇ ಮನೆತನ ಅವರದು; ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟು ಕಟ್ಟಿಸಿರುವ ದೊಡ್ಡ ಕುಳ. ತೀರಿಹೋದ ತಂದೆ ವೆಂಕಟರಾಮಯ್ಯನವರ ಹೆಸರಿನಲ್ಲಿ ಊರಿಗೆ ಆಂಬುಲೆನ್ಸ್ ಕೊಟ್ಟಿದ್ದರು. ಒಳ್ಳೆಯ ಕೆಲಸವೇ. ಆದರೆ ಹಸುವನ್ನು ದಾನ ಕೊಟ್ಟವರು ಹಗ್ಗ ಬಿಡದೆ ಹಿಂದೆಯೇ ಬಂದರೆ ಏನು ಮಾಡುವುದು? ರೇಷ್ಮೆ ಪಂಚೆ, ಕೆಂಪು ಅಂಚಿನ ಶಲ್ಯದಲ್ಲಿ ಅವರು ಮುಂದಿನ ಸೀಟು ಹತ್ತಿ ಕೂತವರು ಇಳಿಯಲೇ ಇಲ್ಲ.

"ಒಂದೇ ಒಂದ್ಸಲ ತೋರ್ಸೋ ಉಮೇಶ," ಎದುರಿನ ಸಿಗ್ನಲ್ ಕಡೆ ಕೈ ಮಾಡಿ ಅಂದರು. "ನಮ್ಮಪ್ಪ ಎದೆ ಹಿಡ್ಕೊಂಡು ಇದೇ ಕ್ರಾಸ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತಿದ್ರು. ಅವರ ಹೆಸ್ರಿರೋ ಗಾಡಿಗೆ ಅದು ದಾರಿ ಬಿಡೋದನ್ನ ನಾನು ನೋಡ್ಬೇಕು."

ಇಂಥ ಮಾತಿಗೆ ಇಲ್ಲ ಎನ್ನುವುದು ಹೇಗೆ? ಉಮೇಶ ಒತ್ತಿದ. ಸಿಗ್ನಲ್ ಹಸಿರಾಯಿತು. ಸುಬ್ರಮಣಿಯವರ ಕಣ್ಣು ಒದ್ದೆಯಾಯಿತು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಗಳು ನಯನಾ ತೆಗೆದ ವಿಡಿಯೋದಲ್ಲಿ ಬರೀ ಅವಳ ಹೆಬ್ಬೆಟ್ಟು ಕಾಣುತ್ತಿತ್ತು. ಹಾಗಾಗಿ ಎರಡನೆಯ ಸಲ. ಆ ಹೊತ್ತಿಗೆ ಬಾಗಲೂರಿನಿಂದ ಸುಬ್ರಮಣಿಯವರ ಮಾವ ಬಂದಿಳಿದರು. ಹಿರಿಯರು ನೋಡದಿದ್ದರೆ ಆದೀತೆ?

"ಸಾರ್, ಇನ್ನೊಂದ್ಸಲ ಒತ್ತಿದ್ರೆ ಇವತ್ತಿಗೆ ಹಸಿರು ಸಿಗಲ್ಲ. ಕೈ ಮುಗಿತೀನಿ, ಬೇಡ," ಅಂದ ಉಮೇಶ.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಸುಬ್ರಮಣಿಯವರು ಕೈ ಚಾಚಿ ತಾವೇ ಒತ್ತಿಬಿಟ್ಟರು. ಸಿಗ್ನಲ್ ಹಸಿರಾಯಿತು, ಮಾವ ತಲೆದೂಗಿದರು. ಪರದೆಯ ಮೇಲೆ ಹಸಿರು ಚೌಕ ಬೂದು ಬಣ್ಣಕ್ಕೆ ತಿರುಗಿತು.

"ಒಂದಿನ ತಾನೇ ಬಿಡೋ. ಶುಕ್ರವಾರ, ಒಳ್ಳೇ ದಿನ. ಏನಾಗತ್ತೆ?" ಅಂದರು ಸುಬ್ರಮಣಿಯವರು. ಉಮೇಶನಿಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಹನ್ನೊಂದೂವರೆಗೆ ಫೋನ್ ಬಂತು. ಸುಮಾ ಎನ್ನುವ ಹೆಂಗಸು. "ಅತ್ತೆಗೆ ಹುಳ ಮುಟ್ಟಿದೆ ಅಣ್ಣ. ಕೆರೆ ಹತ್ರ ಹಸೂಗೆ ಹುಲ್ಲು ಕುಯ್ತಿದ್ರು. ನಾಗರಹಾವು, ನಾನೇ ನೋಡ್ದೆ."

ಐದು ನಿಮಿಷದಲ್ಲಿ ಗಾಡಿ ಜಕ್ಕೂರು ಕೆರೆಯ ಕಡೆಯ ಓಣಿಯಲ್ಲಿತ್ತು. ಸ್ಟ್ರೆಚರಿನ ಮೇಲೆ ಮಲಗಿದ ಮುದುಕಿಯನ್ನು ನೋಡಿ ಸುಬ್ರಮಣಿಯವರು ಹೌಹಾರಿದರು. ಮುನಿಶಾಮಮ್ಮ! ಅವರ ಹೊಲದಲ್ಲಿ ಕಳೆ ಕಿತ್ತವಳು, ಅವರನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವಳ ರೆಪ್ಪೆ ಆಗಲೇ ಜೋಲುತ್ತಿತ್ತು.

"ಸುಬ್ಬಣ್ಣಾ, ಇಂಗೆ ರೇಸ್ಮೆ ಪಂಚೆ ಉಟ್ಕಂಡು ಎಲ್ಲಿಗಪ್ಪ ಒಂಟಿದ್ದೀಯ?" ಎಂದಳು. ಮಾತು ತೊದಲುತ್ತಿತ್ತು.

ಹೆಬ್ಬಾಳದ ಆಸ್ಪತ್ರೆ ಮುಟ್ಟಬೇಕು. ಸುಮಾ ಹಿಂದೆ ಅತ್ತೆಯ ಕೈ ಹಿಡಿದು ಕೂತಳು. ಕ್ರಾಸಿಗೆ ಬರುವಷ್ಟರಲ್ಲಿ ಸಿಗ್ನಲ್ ಕೆಂಪು. ಪಕ್ಕದ ಸೆಕೆಂಡಿನ ಅಂಕಿ ನೂರಾ ನಲವತ್ತರಿಂದ ಇಳಿಯತೊಡಗಿತ್ತು. ಮುಂದೆ ಹತ್ತಿಪ್ಪತ್ತು ಗಾಡಿ. ಸೈರನ್ ಕೇಳಿ ಸರಿಯೋಣವೆಂದರೂ ಅವಕ್ಕೆ ಜಾಗವಿಲ್ಲ. ಉಮೇಶನಿಗೆ ಬೆಳಿಗ್ಗೆಯಿಂದ ನುಂಗಿಕೊಂಡ ಸಿಟ್ಟೆಲ್ಲ ಬಾಯಿಗೆ ಬಂತು.

"ಒತ್ತಿ ಸಾರ್. ಬೆಳಿಗ್ಗೆ ಅಷ್ಟು ಸಲ ಆಯ್ತಲ್ಲ. ಈಗ ಒತ್ತಿ."

ಸುಬ್ರಮಣಿಯವರು ನಿಜವಾಗಿಯೂ ಒತ್ತಿದರು. ಬೂದು ಚೌಕವನ್ನು ಒಂದು ಸಲ, ಇನ್ನೊಂದು ಸಲ, ಮತ್ತೊಂದು ಸಲ. ಹಿಂದಿನಿಂದ ಸುಮಾ, "ಅಣ್ಣ, ಅತ್ತೆ ಮಾತಾಡ್ತಿಲ್ಲ," ಅಂದಳು. ಅಂಕಿ ನೂರಾ ಹದಿನೆಂಟಾಗಿತ್ತು. ಸುಬ್ರಮಣಿಯವರು ಬಾಗಿಲು ತೆಗೆದು ಇಳಿದರು.

ಉಮೇಶ ನೋಡುತ್ತಿದ್ದ. ಬೈಕು, ಆಟೋಗಳ ಸಂದಿಯಲ್ಲಿ ಪಂಚೆ ಎತ್ತಿಕೊಂಡು ಓಡಿದವರು ನಾಲ್ಕು ರಸ್ತೆ ಕೂಡುವ ಕಡೆ ನಡುಮಧ್ಯ ನಿಂತು ಶಲ್ಯ ಬೀಸಿದರು. "ಏನ್ ಯಜಮಾನ್ರೇ, ಮದುವೆ ಮನೆ ದಾರಿ ತಪ್ತಾ?" ಅಂದ ಒಬ್ಬ ಆಟೋದವನು. ಹಾರ್ನುಗಳು ಬಡಿದುಕೊಂಡವು. ಅಡ್ಡರಸ್ತೆಯಿಂದ ನೀರಿನ ಟ್ಯಾಂಕರ್ ಬರುತ್ತಿತ್ತು. ಊರಿನಲ್ಲಿ ಎಂಥವರಿಗೂ ತಾವಾಗಿ ನಮಸ್ಕಾರ ಹಾಕದ ಸುಬ್ರಮಣಿಯವರು ಅದರ ಮುಂದೆ ನಿಂತು ಎರಡೂ ಕೈ ಮುಗಿದರು. ಟ್ಯಾಂಕರ್ ಅವರ ಎದೆಯಿಂದ ಗೇಣು ದೂರದಲ್ಲಿ ನಿಂತಿತು. ಅದರ ಹಿಂದೆ ಇಡೀ ರಸ್ತೆ ನಿಂತಿತು. ಅವರು ಈ ಕಡೆ ತಿರುಗಿ, ಬನ್ನಿ ಬನ್ನಿ ಎಂದು ಶಲ್ಯ ಆಡಿಸಿದರು.

ಮುಂದಿದ್ದ ಗಾಡಿಗಳು ಹರಿದವು. ಆಂಬುಲೆನ್ಸ್ ದಾಟುತ್ತಿದ್ದಂತೆ ಅವರು ಏದುಸಿರು ಬಿಡುತ್ತ ಓಡಿಬಂದು ಹತ್ತಿಕೊಂಡರು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಮುಂದಿನ ಸಿಗ್ನಲ್ಲಿನಲ್ಲಿ ಉಮೇಶ ಏನೂ ಹೇಳಬೇಕಾಗಲಿಲ್ಲ. ಗಾಡಿ ನಿಲ್ಲುವ ಮೊದಲೇ ಅವರು ಇಳಿದಿದ್ದರು.

ಆಸ್ಪತ್ರೆಯಲ್ಲಿ ಮುನಿಶಾಮಮ್ಮನಿಗೆ ಇಂಜೆಕ್ಷನ್ ಕೊಟ್ಟು, ಉಸಿರಾಟಕ್ಕೆ ಕೊಳವೆ ಹಾಕಿದರು. ಒಂದೂವರೆ ಗಂಟೆಯ ಮೇಲೆ ಹೊರಬಂದ ಡಾಕ್ಟರು, ಜೀವಕ್ಕೆ ತೊಂದರೆಯಿಲ್ಲ, ಇನ್ನೈದು ನಿಮಿಷ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಅಂದರು. ಸುಮಾ ಗೋಡೆಗೊರಗಿ ಕೂತು ಅತ್ತಳು. ಬೆಳಿಗ್ಗೆ ಪುಕ್ಕಟೆಯಾಗಿ ಎಷ್ಟು ನಿಮಿಷದ ಹಸಿರು ಸುಟ್ಟೆವು ಎಂದು ಉಮೇಶನ ನಾಲಗೆ ತುದಿಗೆ ಬಂದಿತ್ತು. ಸುಬ್ರಮಣಿಯವರ ಬರಿಗಾಲು ನೋಡಿ ಮಾತು ಬದಲಿಸಿದ.

"ಕಾರು ಕರೆಸ್ಲಾ ಸಾರ್? ಮನೇಲಿ ಊಟಕ್ಕೆ ಕಾಯ್ತಿರ್ತಾರೆ."

"ಆ ಬಟನ್ ಯಾವಾಗ ಸರಿಹೋಗತ್ತೆ?"

"ಹೇಳಿದ್ನಲ್ಲ ಸಾರ್. ರಾತ್ರಿ ಹನ್ನೆರಡಕ್ಕೆ."

ಸುಬ್ರಮಣಿಯವರು ನಯನಾಗೆ ಫೋನ್ ಮಾಡಿ, ಬಂದವರಿಗೆಲ್ಲ ಬಡಿಸಿಬಿಡಮ್ಮ ಅಂದರು. ಉಳಿದ ಒಂದು ಚಪ್ಪಲಿಯನ್ನೂ ಬಿಟ್ಟು, ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಶಲ್ಯವನ್ನು ಕೈಗೆ ಸುತ್ತಿಕೊಂಡು ಗಾಡಿಯ ಮುಂದಿನ ಸೀಟು ಹತ್ತಿ ಕೂತರು.

"ಹನ್ನೆರಡರವರೆಗೂ ನಾನಿರ್ತೀನಿ," ಅಂದರು. "ನಡಿ."