ಅಂದಾಜು ಒಪ್ಪದ ಮಲ್ಲಿಕಾರ್ಜುನಪ್ಪ

ಗೋಡೆಯ ಮೇಲಿನ ಫ್ಯಾನ್ ರೆಗ್ಯುಲೇಟರ್ ಇರಲಿ, ಮೇಜಿನ ಮೇಲಿನ ರೇಡಿಯೋ ಇರಲಿ, ತಿರುಗುವ ನಾಬ್ ಒಂದು ಕಣ್ಣಿಗೆ ಬಿದ್ದರೆ ಸಾಕು, ಸರ್ವೆ ಮಲ್ಲಿಕಾರ್ಜುನಪ್ಪನವರ ಬಲಗೈ ಅವರ ಅಪ್ಪಣೆಗೂ ಕಾಯದೆ ಅತ್ತ ಹೊರಟುಬಿಡುತ್ತಿತ್ತು. ನಮ್ಮ ಮನೆಗೆ ಬಂದರೆಂದರೆ ಕಾಫಿ ಸೋಸುವಷ್ಟರಲ್ಲಿ ಫ್ಯಾನು ಬಿರುಗಾಳಿಯಾಗಿ, ಮಂದಮಾರುತವಾಗಿ, ಕೊನೆಗೆ ನಿಂತೇಹೋಗಿರುತ್ತಿತ್ತು. ಎಲ್ಲರೂ ಬೆವರುತ್ತ ಕುಳಿತಿರುವಾಗ ಅವರೊಬ್ಬರು ಮಾತ್ರ ತಲೆ ವಾಲಿಸಿ, ನಿಂತ ಫ್ಯಾನಿನ ಗುಂಯ್‌ಕಾರ ಕಿವಿಯಲ್ಲಿ ಇನ್ನೂ ಉಳಿದಿದೆಯೇ ಎಂದು ಆಲಿಸುತ್ತಿದ್ದರು.

ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಅವರು ಭೂಮಾಪಕರು. ಇಪ್ಪತ್ತು ವರ್ಷ ಸರಪಳಿ ಹಿಡಿದು ಹೊಲ ಅಳೆದವರಾದ್ದರಿಂದ ನಡಿಗೆಯೂ ಅಳತೆಯದೇ: ಒಂದು ಹೆಜ್ಜೆ ಮತ್ತೊಂದಕ್ಕಿಂತ ಬೆರಳಷ್ಟೂ ಹೆಚ್ಚಲ್ಲ, ಕಡಿಮೆಯಲ್ಲ. ಬೇಸಿಗೆಯಲ್ಲೂ ಬಿಡದ ಕಂದು ಕೋಟಿನ ಎಡಜೇಬಿನಲ್ಲಿ ಒಂದು ಕೋನಮಾಪಕ, ಬಲಜೇಬಿನಲ್ಲಿ ಚೂಪು ಮಾಡಿದ ಎರಡು ಪೆನ್ಸಿಲು. ಯಾರಾದರೂ "ಸುಮಾರು" ಎಂದು ಬಾಯಿ ತೆರೆದರೆ ಮುಗಿಯಿತು. "ಅಂದಾಜಿಗೆ ಹೇಳಬ್ಯಾಡ್ರಿ. ಅಳತೆ ಹೇಳ್ರಿ" ಎಂದು ತಡೆಯುವರು. ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಹಾಕುವವರನ್ನೂ ಹೀಗೆ ತಡೆದು ಬೈಸಿಕೊಂಡಿದ್ದುಂಟು.

ಇಂಥವರ ಮನೆಗೆ ತೊಂಬತ್ತಮೂರರಲ್ಲಿ ಕರೆಂಟಿನಿಂದ ಧ್ವನಿ ಹುಟ್ಟಿಸುವ ವಾದ್ಯ, ಒಂದು ಹಳೆಯ ಸಿಂಥಸೈಜರ್ ಬಂದು ಕೂತಿತು. ಒಂದು ಬಟನ್ ಒತ್ತಿದರೆ ತಬಲಾ, ಇನ್ನೊಂದು ಒತ್ತಿದರೆ ಪಿಟೀಲು ನುಡಿಸುವ ಹೊಸ ಕೀಬೋರ್ಡ್ ತಂದಾಗ ಆರ್ಕೆಸ್ಟ್ರಾ ತಂಡವೊಂದು ಮೂಲೆಗೆ ಎಸೆದಿದ್ದ ಯಂತ್ರ ಅದು. ಅದರಲ್ಲಿ ಸಿದ್ಧ ಧ್ವನಿಗಳಿಲ್ಲ, ನೆನಪೂ ಇಲ್ಲ. ಇಪ್ಪತ್ತೇಳು ನಾಬ್‌ಗಳನ್ನು ಒಂದೊಂದಾಗಿ ತಿರುಗಿಸಿ ಧ್ವನಿಯನ್ನು ಮೊದಲಿನಿಂದ ಕಟ್ಟಬೇಕು. ಇನ್ನೊಂದು ಧ್ವನಿಗೆಂದು ನಾಬ್ ತಿರುಗಿಸಿದರೆ ಮೊದಲು ಕಟ್ಟಿದ್ದೆಲ್ಲ ಹೋಯಿತು. ಮಲ್ಲಿಕಾರ್ಜುನಪ್ಪನವರಿಗೆ ಸ್ವರ್ಗಕ್ಕೆ ಇನ್ನು ಮೂರೇ ಗೇಣು! ಅಂಥದೇ ಹುಚ್ಚಿನವರು ದಾವಣಗೆರೆಯಲ್ಲೊಬ್ಬರು, ಹುಬ್ಬಳ್ಳಿಯಲ್ಲಿಬ್ಬರು ಇದ್ದಾರೆಂದು ಪತ್ತೆ ಹಚ್ಚಿ, ಅವರೊಡನೆ ಅಂಚೆಯಲ್ಲಿ ಧ್ವನಿಗಳ ವಿನಿಮಯ ಶುರುಮಾಡಿದರು. ಧ್ವನಿ ಎಂದರೆ ಕ್ಯಾಸೆಟ್ಟಲ್ಲ. ಇಪ್ಪತ್ತೇಳು ವೃತ್ತ ಬರೆದು, ಯಾವ ನಾಬ್ ಯಾವ ಕಡೆ ಮುಖ ಮಾಡಿರಬೇಕೆಂದು ಗೆರೆ ಎಳೆದ ಕಾಗದ. ಉಳಿದವರು ಕೈಬರಹದಲ್ಲಿ ಗೀಚಿ ಕಳಿಸಿದರೆ ಇವರದು ಮಾತ್ರ ಅಚ್ಚುಕಟ್ಟು ಸರ್ವೆ ನಕ್ಷೆ: ನಾಬ್‌ಗೊಂದು ಸರ್ವೆ ನಂಬರು, ಕೋನ ಡಿಗ್ರಿಯಲ್ಲಿ, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಸಿಂಥಸೈಜರ್‌ಗೆ ಉತ್ತರ ದಿಕ್ಕು ಏಕೆಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಅವರ ಕನಸು ಒಂದೇ: ಸೊರಬದ ಗುಡವಿ ಕೆರೆಯ ಸಂಜೆಯನ್ನು ಆ ಯಂತ್ರದಿಂದ ಹೊರಡಿಸಬೇಕು. ಸಾವಿರಾರು ಬೆಳ್ಳಕ್ಕಿ, ನೀರುಕಾಗೆಗಳು ಮರಗಳಿಗೆ ಮರಳುವಾಗಿನ ಆ ಗದ್ದಲ, ಮರಿಗಳ ಕೆಕ್ಕೆಕ್ಕೆಕ್ಕೆ, ನಡುವೆ ರೆಕ್ಕೆ ಬಡಿತ. ಮೂರು ವರ್ಷದ ಭಾನುವಾರಗಳನ್ನು ಕೆರೆಯ ಏರಿಯ ಮೇಲೆ ಕಳೆದರು. ಜೊತೆಗಿದ್ದವನು ಕೆರೆಯ ಕಾವಲುಗಾರ ಚೌಡಪ್ಪ. ಕಣ್ಣು ಮುಚ್ಚಿಕೊಂಡೇ ಯಾವ ಮರದಲ್ಲಿ ಎಷ್ಟು ಗೂಡೆಂದು ಹೇಳಬಲ್ಲವನು. ಅವನ ತೀರ್ಪೇ ಅಂತಿಮವೆಂದು ಮಲ್ಲಿಕಾರ್ಜುನಪ್ಪ ನಿರ್ಧರಿಸಿದರು. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿಗೆ ಘೋಷಿಸಿಯೇಬಿಟ್ಟರು: "ಚೌಡಪ್ಪ ಇದು ನಮ್ಮ ಕೆರೆ ಅನ್ನದಿದ್ರೆ, ಮಷೀನು ಕೊಟ್ಟುಬಿಡ್ತೀನಿ. ಮತ್ತೆ ಮುಟ್ಟೋದಿಲ್ಲ." ಅಂಥ ಪಣ ತೊಡಿರೆಂದು ಹೆಂಡತಿ ನೀಲಾಂಬಿಕ ಕೇಳಿರಲೇ ಇಲ್ಲ. ಆದರೆ ಅವರು ಒಮ್ಮೆ ಗಡಿಕಲ್ಲು ನೆಟ್ಟರೆ ಕೀಳುವವರಲ್ಲವೆಂಬುದು ಆಕೆಗೆ ಗೊತ್ತಿತ್ತು. ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು.

ತೊಂಬತ್ತಾರರ ಅಕ್ಟೋಬರಿನ ವನ್ಯಜೀವಿ ಸಪ್ತಾಹದಲ್ಲಿ ಸೊರಬದ ಶಾಲೆಯೊಂದರ ಸಭಾಂಗಣಕ್ಕೆ ಯಂತ್ರ ಬಂತು. ಮಧ್ಯಾಹ್ನ ಮೂರು ಗಂಟೆ, ಕಿಕ್ಕಿರಿದ ಮಕ್ಕಳು, ಮುಂದಿನ ಸಾಲಿನಲ್ಲಿ ಖಾಕಿ ಅಂಗಿಯ ಚೌಡಪ್ಪ, ಅವನ ಪಕ್ಕದಲ್ಲಿ ನೀಲಾಂಬಿಕ, ಹಿಂದೆ ನಾನು. ಮಲ್ಲಿಕಾರ್ಜುನಪ್ಪ ನಕ್ಷೆ ಬಿಡಿಸಿ, ಕೋನಮಾಪಕ ಹಿಡಿದು ಇಪ್ಪತ್ತೇಳು ನಾಬ್‌ಗಳನ್ನೂ ಡಿಗ್ರಿ ಡಿಗ್ರಿಯಾಗಿ ನಿಲ್ಲಿಸಿದರು. ಒಂದು ಕೂದಲೆಳೆ ತಪ್ಪಿರಲಿಲ್ಲ. ಕೀಲಿಮಣೆ ಒತ್ತಿದರು.

ಹೊರಟದ್ದು ಹಿಟ್ಟಿನ ಗಿರಣಿ.

ಮಕ್ಕಳು ಗೊಳ್ಳೆಂದರು. ಹಳೆಯ ಯಂತ್ರಗಳ ಶ್ರುತಿ ಸೆಕೆಗೂ ವೋಲ್ಟೇಜಿಗೂ ಜಾರುತ್ತದೆ. ಶಿಕಾರಿಪುರದ ಮನೆಯ ಕರೆಂಟೇ ಬೇರೆ, ಈ ತಗಡಿನ ಮಾಡಿನ ಬಿಸಿಯೇ ಬೇರೆ. ಹುಬ್ಬಳ್ಳಿಯವರು ಪತ್ರದಲ್ಲಿ ಹತ್ತು ಸಲ ಎಚ್ಚರಿಸಿದ್ದರು. ಅಳೆದ ಗಡಿ ಕದಲುತ್ತದೆಂದು ನಂಬಲು ಭೂಮಾಪಕನ ಮನಸ್ಸು ಒಪ್ಪಿರಲಿಲ್ಲ. ಮತ್ತೆ ಕೋನಮಾಪಕ ಹಿಡಿದರು, ಮತ್ತೆ ಒತ್ತಿದರು. ಮತ್ತೆ ಗಿರಣಿ.

ಚೌಡಪ್ಪ ಸಂಕೋಚದಿಂದ ಎದ್ದು ನಿಂತ. "ಬೇಜಾರ್ ಮಾಡ್ಕಬೇಡಿ ಸಾಹೇಬ್ರೆ. ಇದು ನಮ್ ಕೆರೆ ಅಲ್ಲ."

ಅವರ ಮುಖ ನೋಡಲಾಗಲಿಲ್ಲ ನನಗೆ. ಮಾತಿಗೆ ತಪ್ಪುವವರಲ್ಲ, ಕೈ ಆಗಲೇ ಸ್ವಿಚ್ಚಿನ ಕಡೆ ಹೋಗಿತ್ತು. ಆಗ ನೀಲಾಂಬಿಕ ಸೆರಗು ಸಿಕ್ಕಿಸಿಕೊಂಡು ವೇದಿಕೆಯ ಹತ್ತಿರ ಬಂದರು.

"ಆರಿಸಬ್ಯಾಡ್ರಿ. ಆ ಎಡಗಡೇದು ಸ್ವಲ್ಪ ಇಳಸ್ರಿ."

"ಸ್ವಲ್ಪ ಅಂದ್ರೆ ಎಷ್ಟು ಡಿಗ್ರಿ?"

"ಮೂರು ವರ್ಷ ಅಡಿಗೆಮನ್ಯಾಗೆ ಕುಂತು ಈ ಸದ್ದು ಕೇಳೀನಿ, ನನಗೆ ಡಿಗ್ರಿ ಗೊತ್ತಿಲ್ಲ. ಆ ನಕ್ಷೆ ಮಡಚ್ರಿ. ಅಂದಾಜಿಗೆ ತಿರುಗಸ್ರಿ!"

ಮಲ್ಲಿಕಾರ್ಜುನಪ್ಪ ನಕ್ಷೆ ಮಡಚಿ ಜೇಬಿಗಿಟ್ಟು, ಏರಿಯ ಮೇಲೆ ಕೂತಾಗ ಮಾಡುತ್ತಿದ್ದಂತೆ ತಲೆ ವಾಲಿಸಿ ಕಣ್ಣು ಮುಚ್ಚಿದರು. "ಇನ್ನೂ ಇಳಸ್ರಿ… ಸಾಕು… ಈಗ ಮೇಲಿಂದು" ಎಂದು ಆಕೆ ಹೇಳುತ್ತ ಹೋದರು. ಗಿರಣಿ ಒಡೆದು ಗೊಣಗಾಟವಾಯಿತು, ಗೊಣಗಾಟ ನೂರಾಗಿ ಹರಡಿತು, ಅದರೊಳಗಿಂದ ರೆಕ್ಕೆ ಬಡಿಯಿತು. ಮಕ್ಕಳ ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ನಿಂತೇ ಇದ್ದ ಚೌಡಪ್ಪ ಮಾತ್ರ ಗಾಬರಿಯಿಂದ ನೆಲ ಹುಡುಕುವವನಂತೆ ಬಗ್ಗಿದ.

"ಮರಿ ಎಲ್ಲೋ ಕೆಳಗೆ ಬಿದ್ದದೆ ಸ್ವಾಮಿ. ಬಿದ್ದಾಗಲೇ ಹಿಂಗೆ ಕೂಗೋದು ಅವು."

ಹೇಳಿದ ಮೇಲೆ ತಾನಿರುವುದು ಶಾಲೆಯಲ್ಲಿ ಎಂದು ನೆನಪಾಗಿ ನಾಚಿ ಕೂತ. ಮಲ್ಲಿಕಾರ್ಜುನಪ್ಪ ಕಣ್ಣೊರೆಸಿಕೊಳ್ಳಲು ಕೋಟಿನ ತೋಳನ್ನೇ ಬಳಸಿದರು.

ಮುಂದೆ ಊರಿಗೆ ಕಂಪ್ಯೂಟರ್ ಸೆಂಟರ್ ಬಂದು, ಪರದೆಯ ಮೇಲೆಯೇ ಸಿಂಥಸೈಜರ್ ಮೂಡಿಸುವ ಸಾಫ್ಟ್‌ವೇರ್ ಬಂದಾಗ ಅವರು ಮೂಗು ಮುರಿಯಲಿಲ್ಲ. ಇಲಿಯಂಥ ಮೌಸ್ ಹಿಡಿದು ಚಿತ್ರದ ನಾಬ್ ತಿರುಗಿಸಿ ಮಗುವಿನಂತೆ ನಕ್ಕರು. ಅಲ್ಲಿ ಧ್ವನಿ ಜಾರುವುದಿಲ್ಲ, ಇಟ್ಟಲ್ಲೇ ಇರುತ್ತದೆ ಎಂದಾಗ ಮಾತ್ರ "ಪಾಪ" ಎಂದರು.

ಗೀಳು ಹಚ್ಚಿಕೊಂಡವರನ್ನು ಲೋಕ ಹಠಮಾರಿಗಳೆಂದು ತಿಳಿಯುತ್ತದೆ. ನಾನು ಕಂಡಂತೆ ಅವರಷ್ಟು ಬಾಗಬಲ್ಲವರು ವಿರಳ. ತಾವು ಪ್ರೀತಿಸುವ ವಸ್ತು ಕೇಳಿದರೆ ಜೀವಮಾನದ ನಂಬಿಕೆಯನ್ನೂ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ. ಮಲ್ಲಿಕಾರ್ಜುನಪ್ಪ ಅಂಚೆಗೆ ಹಾಕುತ್ತಿದ್ದ ನಕ್ಷೆಗಳಲ್ಲಿ ಆ ಅಕ್ಟೋಬರಿನಿಂದಾಚೆಗೆ, ಡಿಗ್ರಿಗಳೆಲ್ಲ ಮುಗಿದ ಮೇಲೆ, ಉತ್ತರ ದಿಕ್ಕಿನ ಬಾಣದ ಕೆಳಗೆ ಅಚ್ಚುಕಟ್ಟು ಅಕ್ಷರದಲ್ಲಿ ಒಂದು ಸಾಲು ಇರುತ್ತಿತ್ತು: "ಉಳಿದದ್ದು ಅಂದಾಜಿಗೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳುವುದು."