ಎಡೆಯ ಬ್ರಾಂಡಿ

ಮದುವೆಯಾದ ವರ್ಷ, ಗಂಡನ ಮನೆಯಲ್ಲಿ ಹಿರಿಯರಿಗೆ ಎಡೆ ಬಡಿಸುವ ದಿನ ನಾನೂ ಊಟದ ಸಾಲಿನಲ್ಲಿ ಕೂತಿದ್ದೆ. ತೀರಿಕೊಂಡವರಿಗೆ ಕೋಳಿಸಾರಿನ ಜೊತೆ ಬ್ರಾಂಡಿಯನ್ನೂ ಇಡುತ್ತಾರೆ. ಆಮೇಲೆ ಅದನ್ನು ಗಂಡಸು ಹೆಂಗಸೆನ್ನದೆ ಎಲ್ಲರೂ ಒಂದು ಗುಟುಕು ಕುಡಿಯಬೇಕು, ಊಟ ಅದಾದ ಮೇಲೆ. ಕುಡಿಯದವರು ಮನೆಯವರೇ ಅಲ್ಲ ಎಂಬುದು ದೊಡ್ಡಮಾವ ಬೊಳ್ಳಪ್ಪನವರ ವಾದ.

ನಾನು ಸಂಪಾಜೆ ಘಾಟಿಯಲ್ಲಿ ಶಾಲೆಯ ವ್ಯಾನ್ ಓಡಿಸುವವಳು. ಸಂಜೆ ಮಕ್ಕಳನ್ನು ಹತ್ತಿಸಿಕೊಳ್ಳುವ ಮುಂಚೆ ಗೇಟಿನಲ್ಲಿ ಕುಡಿತ ಪತ್ತೆಹಚ್ಚುವ ಯಂತ್ರಕ್ಕೆ ಊದಬೇಕು. ಸೊನ್ನೆ ಬಾರದಿದ್ದರೆ ಕೀಲಿ ಅಲ್ಲೇ ಕೊಟ್ಟು ಹೊರಡಬೇಕು, ಮತ್ತೆ ಆ ಕಡೆ ತಲೆ ಹಾಕುವಂತಿಲ್ಲ. ಹೆಣ್ಣು ಘಾಟಿಯಲ್ಲಿ ಗಾಡಿ ಬಿಡುವುದೇ ಎಂದು ಮೂಗು ಮುರಿದವರನ್ನೆಲ್ಲ ದಾಟಿ ಹಿಡಿದ ಕೆಲಸ ಅದು. ಒಂದು ಗುಟುಕಿಗೆ ಬಿಟ್ಟುಕೊಡುವವಳು ನಾನಲ್ಲ.

ಬೊಳ್ಳಪ್ಪನವರು ಲೋಟ ಹಿಡಿದು ನನ್ನ ಮುಂದೆ ನಿಂತರು.

"ನಂಗೆ ಬೇಡ ಮಾವ. ಸಂಜೆ ವ್ಯಾನ್ ಉಟ್ಟು."

"ಒಂದ್ ತೊಟ್ಟಿಗೆ ಏನಾದೆ? ರಕ್ತಲಿ ಮೂವತ್ತು ಮಿಲಿಗ್ರಾಂವರೆಗೆ ಸರ್ಕಾರನೇ ಬುಟ್ಟುಟ್ಟು."

ಕಾನೂನು ಇವರಿಗೆ ಬೇಕಾದಾಗ ಮಾತ್ರ ಬಾಯಿಪಾಠ.

"ಸರ್ಕಾರ ಬುಟ್ಟರೂ ಶಾಲೆಯವು ಬುಡುದಿಲ್ಲೆ. ನಂಗೆ ಸೊನ್ನೆನೇ."

"ಹಂಗಾರೆ ಸಾಲಿಂದ ಏಳ್."

ಪಕ್ಕದಲ್ಲಿದ್ದ ಅತ್ತೆ ಗಂಗಮ್ಮ ನನ್ನ ತೊಡೆ ಚಿವುಟಿದರು. ಗಂಡ ಭವಿತ್ ಎಲೆಯಲ್ಲಿ ಉಪ್ಪಿನಕಾಯಿ ಹುಡುಕತೊಡಗಿದ. ಮನೆಯಲ್ಲಿ ಹುಲಿ, ದೊಡ್ಡಪ್ಪನ ಮುಂದೆ ಇಷ್ಟೇ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಎದ್ದೆ. ಎದ್ದು ಅವರ ಕೈಯಿಂದ ಲೋಟ ತೆಗೆದುಕೊಂಡೆ.

"ಕುಡ್ದನೆ ಮಾವ. ಆದ್ರೆ ಸಂಜೆ ಮಕ್ಕಳ ಕರ್ಕಂಡ್ ಬಾಕೆ ಯಾರ್ನ ಕಳ್ಸಿರಿ? ಇಲ್ಲಿ ಕುಡಿಯದವು ಒಬ್ರ್‌ನ ತೋರ್ಸಿ."

ಅವರು ಸಾಲಿನ ಆ ತುದಿಯಿಂದ ಈ ತುದಿಗೆ ನೋಡಿದರು. ತಮ್ಮಂದಿರು, ಬೆಳೆದ ಮಕ್ಕಳು, ಸೊಸೆಯಂದಿರು, ಎಲ್ಲರ ಬಾಯಲ್ಲೂ ಬ್ರಾಂಡಿಯ ವಾಸನೆ. ಅವರ ಕೈಯಾರೆ ಕೊಟ್ಟದ್ದೇ. ಅವರ ಮೊಮ್ಮಗಳು ಚಿನ್ನ ದಿನವೂ ನನ್ನ ಸೀಟಿನ ಹಿಂದೆಯೇ ಕೂತು ಬರುತ್ತಾಳೆ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವರ ಮುಖ ನೋಡಿದರೆ ಹೇಳುವ ಅಗತ್ಯವೂ ಇರಲಿಲ್ಲ.

ನಾನು ಲೋಟ ಹಿಡಿದುಕೊಂಡೇ ನಿಂತಿದ್ದೆ.

ಬೊಳ್ಳಪ್ಪನವರು ಅದನ್ನು ವಾಪಸು ತೆಗೆದುಕೊಂಡು ಎಡೆಯ ಮುಂದೆ ಹೋದರು. ಬಗ್ಗಿ ಅಲ್ಲಿ ಇಟ್ಟು, ತೀರಿಕೊಂಡವರಿಗೆ ಹೇಳಿದರು: "ಇವಳ ಪಾಲ್‌ನೂ ನೀವೇ ಕುಡಿನಿ. ನಿಮ್ಗೆ ಗಾಡಿ ಓಡ್ಸಕೆ ಇಲ್ಲೆ."

ಆಮೇಲೆ ಬಂದು ಮೊದಲು ನನ್ನ ಎಲೆಗೆ ಅನ್ನ ಬಡಿಸಿದರು.